ಒಂದು ಸಂಜೆಯ ಪೋಕರಿನಲ್ಲಿ ಜಾಣತನಕ್ಕೆಷ್ಟು ಪಾಲು?

ಪೋಕರ್ ಕೌಶಲದ ಆಟವೋ, ಜೂಜೋ? ಓದುಗರು ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುತ್ತಾರೆ. ಕೆಲವರಿಗೆ ಕಾನೂನಿನ ಚಿಂತೆ. ಕೆಲವರಿಗೆ ಮನೆಯ ಹುಡುಗ ಶನಿವಾರ ಬಂತೆಂದರೆ ಟೂರ್ನಿಯೆಂದು ಹೊರಟುಬಿಡುತ್ತಾನೆಂಬ ಆತಂಕ. ಇನ್ನು ಕೆಲವರಿಗೆ ತಾವೂ ಒಮ್ಮೆ ಕೂತು ನೋಡಬೇಕೆಂಬ ಆಸೆ. ಮೂವರೂ ಒಂದೇ ಮಾತಿನ ಉತ್ತರ ಬಯಸುತ್ತಾರೆ. ನನ್ನ ಮಟ್ಟಿಗೆ ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಅದೇ 52 ಎಲೆ, ಅದೇ ನಿಯಮ ಇದ್ದರೂ ಎಷ್ಟು ಹೊತ್ತು ಆಡುತ್ತೀರಿ, ಪಣ ಎಷ್ಟು ಬೇಗ ಏರುತ್ತದೆ ಎನ್ನುವುದರ ಮೇಲೆ ಕೌಶಲದ ಪಾಲು ಹಿಗ್ಗುತ್ತದೆ, ಕುಗ್ಗುತ್ತದೆ. ಹವ್ಯಾಸಿಗಳು ಸೇರಿ ಒಂದು ಸಂಜೆಯಲ್ಲಿ ಆಡಿ ಮುಗಿಸುವ ಸ್ಥಳೀಯ ಟೂರ್ನಿಯಲ್ಲಿ ಅದು ಆಡುವವರು ನಂಬಿರುವುದಕ್ಕಿಂತ ಬಹಳ ಕಡಿಮೆ. ಇದನ್ನು ಒಪ್ಪಿಕೊಂಡರೆ ಆಟದ ಸಂತೋಷವೇನೂ ಹಾಳಾಗುವುದಿಲ್ಲ. ಕಾನೂನು ಮಾಡುವವರೂ ಆಡುವವರೂ ಚಿಂತಿಸಬೇಕಾದ ವಿಷಯ ಮಾತ್ರ ಬೇರೆಯಾಗುತ್ತದೆ.

ಟೂರ್ನಿ ನಡೆಯುವ ಬಗೆಯನ್ನು ಮೊದಲು ನೋಡೋಣ. ಹೆಚ್ಚಿನ ಕಡೆ ಆಡುವುದು ಟೆಕ್ಸಸ್ ಹೋಲ್ಡೆಮ್ ಎಂಬ ಬಗೆ. ಪ್ರತಿಯೊಬ್ಬರಿಗೂ ಎರಡು ಎಲೆ ಗುಟ್ಟಾಗಿ ಸಿಗುತ್ತವೆ, ಎಲ್ಲರಿಗೂ ಸೇರಿದ ಐದು ಎಲೆ ಮೇಜಿನ ನಡುವೆ ಹಂತಹಂತವಾಗಿ ತೆರೆಯುತ್ತವೆ, ನಡುನಡುವೆ ಪಣ ಕಟ್ಟುವ ನಾಲ್ಕು ಸುತ್ತು. ಟೂರ್ನಿಯಲ್ಲಿ ಪ್ರವೇಶ ಶುಲ್ಕ ಒಮ್ಮೆ ಕೊಟ್ಟರೆ ಒಂದಷ್ಟು ಚಿಪ್ಸ್ ಕೊಡುತ್ತಾರೆ. ಅವು ಹಣವಲ್ಲ, ಅಂಗಡಿಯಲ್ಲಿ ನಡೆಯುವುದಿಲ್ಲ. ಎಲ್ಲ ಹೋದರೆ ನೀವು ಹೊರಗೆ. ಕೊನೆಯವರೆಗೂ ಉಳಿದ ನಾಲ್ಕೈದು ಮಂದಿಗೆ ಬಹುಮಾನ. ಯಾರೂ ಸುಮ್ಮನೆ ಒಳ್ಳೆಯ ಎಲೆಗಾಗಿ ಕಾಯುತ್ತ ಕೂರದಿರಲೆಂದು ಪ್ರತಿ ಡೀಲಿಗೂ ಸರದಿಯ ಪ್ರಕಾರ ಇಬ್ಬರು ಎಲೆ ನೋಡುವ ಮೊದಲೇ ಕಟ್ಟಬೇಕಾದ ಪಣವಿದೆ. ಇದಕ್ಕೆ ಬ್ಲೈಂಡ್ ಎನ್ನುತ್ತಾರೆ. ಇಂತಿಷ್ಟು ನಿಮಿಷಕ್ಕೊಮ್ಮೆ ಬ್ಲೈಂಡ್ ಏರುತ್ತದೆ. ಟೂರ್ನಿ ಎಂದಾದರೂ ಮುಗಿಯುವುದು ಈ ಏರಿಕೆಯಿಂದಲೇ. ಅದೃಷ್ಟಕ್ಕೆ ಬಾಗಿಲು ತೆರೆಯುವುದೂ ಅದೇ.

ಒಂದು ಲೆಕ್ಕ ಹಾಕಿ ನೋಡಿ. ನಲವತ್ತು ಮಂದಿ, ತಲಾ 10,000 ಚಿಪ್ಸ್, ಬ್ಲೈಂಡ್ 100–200ರಿಂದ (ಒಬ್ಬರದು 100, ಇನ್ನೊಬ್ಬರದು 200) ಶುರು, ಹದಿನೈದು ನಿಮಿಷಕ್ಕೊಂದು ಹಂತ ಎಂದಿಟ್ಟುಕೊಳ್ಳಿ. ಮುಂದಿನ ಹಂತಗಳು 200–400, 300–600, 500–1,000; ಒಂದು ಗಂಟೆ ಕಳೆಯುವ ಹೊತ್ತಿಗೆ 800–1,600. ಕೈಯಲ್ಲಿ ಎಲೆ ಹಂಚುವ ಮೇಜಿನಲ್ಲಿ ಗಂಟೆಗೆ ಇಪ್ಪತ್ತೈದು ಮೂವತ್ತು ಡೀಲ್ ಆದರೆ ಹೆಚ್ಚು, ಅಂದರೆ ಹದಿನೈದು ನಿಮಿಷಕ್ಕೆ ಏಳು. ಒಂಬತ್ತು ಜನ ಕೂತ ಮೇಜಿನಲ್ಲಿ ಎಲೆ ಹಂಚುವ ಸರದಿ ಒಂದು ಸುತ್ತು ಬರುವ ಮೊದಲೇ ಬ್ಲೈಂಡ್ ಏರಿಬಿಟ್ಟಿರುತ್ತದೆ. ಗಣಿತಜ್ಞ, ಬ್ಯಾಕ್‌ಗ್ಯಾಮನ್ ಆಟಗಾರ ಪಾಲ್ ಮ್ಯಾಗ್ರಿಯಲ್ ಇದನ್ನು ಅಳೆಯಲು ಒಂದು ಸರಳ ಅಳತೆ ಕೊಟ್ಟರು. ಕೈಲಿರುವ ಚಿಪ್ಸನ್ನು ಒಂದು ಸುತ್ತಿನಲ್ಲಿ ಕಟ್ಟಲೇಬೇಕಾದ ಮೊತ್ತದಿಂದ ಭಾಗಿಸಿ. ಏನೂ ಆಡದೆ ಎಷ್ಟು ಸುತ್ತು ಉಳಿಯಬಹುದೆಂಬುದು ಗೊತ್ತಾಗುತ್ತದೆ. ಶುರುವಿನಲ್ಲಿ ಈ ಸಂಖ್ಯೆ ಮೂವತ್ತಮೂರು. ಒಂದು ಗಂಟೆಯಾದ ಮೇಲೆ, ಒಂದು ಚಿಪ್ಪನ್ನೂ ಕಳೆದುಕೊಳ್ಳದೆ ಕೂತವನಿಗೂ ಅದು ನಾಲ್ಕು ಚಿಲ್ಲರೆ. 1995ರ ವಿಶ್ವ ಚಾಂಪಿಯನ್ ಡ್ಯಾನ್ ಹ್ಯಾರಿಂಗ್ಟನ್ ತಮ್ಮ ಪುಸ್ತಕದಲ್ಲಿ ಐದರ ಆಸುಪಾಸಿಗೆ ಇಳಿದುದನ್ನು ಕೆಂಪು ವಲಯವೆಂದು ಕರೆದರು. ಅಲ್ಲಿಗೆ ಬಂದವನಿಗೆ ಉಳಿದಿರುವುದು ಎರಡೇ ದಾರಿ: ಇದ್ದದ್ದೆಲ್ಲವನ್ನೂ ಒಮ್ಮೆಗೇ ಮುಂದೆ ತಳ್ಳುವ ಆಲ್-ಇನ್, ಇಲ್ಲವೇ ಎಲೆ ಕೆಳಗಿಡುವ ಫೋಲ್ಡ್. ಎದುರಿನವನ ಮುಖ ಓದುವುದು, ಮೂರು ಸುತ್ತಿನವರೆಗೆ ಎಳೆದು ಬಲೆಗೆ ಕೆಡಹುವುದು, ಹದವರಿತು ಬ್ಲಫ್ ಮಾಡುವುದು, ಹೀಗೆ ಪೋಕರ್ ಎಂದಾಗ ನಾವು ಮೆಚ್ಚುವ ಜಾಣತನಕ್ಕೆಲ್ಲ ಮೊದಲ ಒಂದು ಗಂಟೆಯಷ್ಟೇ ಜಾಗ.

ಆಲ್-ಇನ್‌ನ ಲೆಕ್ಕ ಇನ್ನೂ ಕಠಿಣ. ಎಕ್ಕದ ಜೋಡಿ ಹಿಡಿದವನು ರಾಜನ ಜೋಡಿಯ ಎದುರು ಗೆಲ್ಲುವ ಸಾಧ್ಯತೆ ಶೇ 80ಕ್ಕಿಂತ ತುಸು ಹೆಚ್ಚು. ಇದಕ್ಕಿಂತ ಒಳ್ಳೆಯ ಸ್ಥಿತಿ ಬೇಕೆನ್ನುವುದು ದುರಾಸೆಯೇ ಸರಿ. ಆದರೂ ಇಂಥ ಐದು ಆಲ್-ಇನ್‌ಗಳನ್ನು ಸಾಲಾಗಿ ಗೆಲ್ಲುವ ಸಾಧ್ಯತೆ ಮೂರಕ್ಕೆ ಒಂದರಷ್ಟೇ. ನಲವತ್ತು ಮಂದಿಯ ಟೂರ್ನಿ ಗೆದ್ದವರಲ್ಲಿ ಹೆಚ್ಚಿನವರು ಕೊನೆಯ ಎರಡು ಗಂಟೆಯಲ್ಲಿ ಅಷ್ಟಾದರೂ ಆಲ್-ಇನ್ ದಾಟಿಯೇ ಬಂದಿರುತ್ತಾರೆ, ಅದೂ ಎಕ್ಕದ ಜೋಡಿ ಇಟ್ಟುಕೊಂಡಲ್ಲ. ಆ ಜೋಡಿ ಬರುವುದು 221 ಡೀಲಿಗೆ ಒಮ್ಮೆ, ಸಂಜೆಯಿಡೀ ಆಡಿದರೂ ಎಂಬತ್ತು ಡೀಲ್ ಸಿಗುವುದು ಕಷ್ಟ. ಹತ್ತು ಸಂಜೆ ಆಡಿದರೆ ಸುಮಾರು ಏಳು ಸಂಜೆ ಎಕ್ಕದ ಜೋಡಿಯ ಮುಖವನ್ನೇ ನೋಡುವುದಿಲ್ಲ.

ಹಾಗಾದರೆ ಪ್ರತಿ ವಾರ ಅದೇ ನಾಲ್ಕು ಮುಖಗಳು ಕೊನೆಯ ಮೇಜಿಗೆ ಬರುವುದೇಕೆ ಎಂದು ಬಲ್ಲವರು ಕೇಳುತ್ತಾರೆ. ಕೌಶಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮತ್ತು ಕಾನೂನು ಪ್ರಾಧ್ಯಾಪಕ ಥಾಮಸ್ ಮೈಲ್ಸ್ 2010ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಟೂರ್ನಿಗಳ ಲೆಕ್ಕ ತೆಗೆದು ನೋಡಿದರು. ಟೂರ್ನಿಗೆ ಮೊದಲೇ ನುರಿತವರೆಂದು ಗುರುತಿಸಿದ್ದ 720 ಮಂದಿ ಹೂಡಿದ ಹಣದ ಮೇಲೆ ಶೇ 30ಕ್ಕಿಂತ ಹೆಚ್ಚು ಲಾಭ ಕಂಡಿದ್ದರು, ಉಳಿದವರು ಶೇ 15ಕ್ಕಿಂತ ಹೆಚ್ಚು ನಷ್ಟ ಅನುಭವಿಸಿದ್ದರು. ಈ ಅಂತರ ದೊಡ್ಡದು, ತಳ್ಳಿಹಾಕುವಂಥದ್ದಲ್ಲ. ಆದರೆ ಅದು ಒಬ್ಬ ಆಟಗಾರನ ಒಂದು ರಾತ್ರಿಯ ಫಲವಲ್ಲ. ನೂರಾರು ಜನ ಹತ್ತಾರು ಟೂರ್ನಿಗಳಲ್ಲಿ ಆಡಿದ್ದರ ಸರಾಸರಿ. ಜೊತೆಗೆ ಅಲ್ಲಿನ ಗಡಿಯಾರವೂ ಬೇರೆ. 10,000 ಡಾಲರ್ ಪ್ರವೇಶ ಶುಲ್ಕದ ಮುಖ್ಯ ಪಂದ್ಯದಲ್ಲಿ ಈಚಿನ ವರ್ಷಗಳಲ್ಲಿ 60,000 ಚಿಪ್ಸ್ ಕೊಡುತ್ತಾರೆ, ಒಂದು ಹಂತಕ್ಕೆ ಎರಡು ಗಂಟೆ, ಟೂರ್ನಿ ಮುಗಿಯಲು ಹಲವು ದಿನ. ಅಲ್ಲಿನ ಸಾಕ್ಷ್ಯವನ್ನು ತಂದು ಇಲ್ಲಿನ ಮೂರು ಗಂಟೆಯ ಆಟಕ್ಕೆ ಅಂಟಿಸುವುದು ಐದು ದಿನದ ಟೆಸ್ಟ್ ಪಂದ್ಯದ ಅಂಕಿಅಂಶ ಹಿಡಿದು ಮಳೆಯಿಂದ ಐದು ಓವರಿಗೆ ಇಳಿದ ಪಂದ್ಯದ ಫಲಿತಾಂಶ ಹೇಳಿದ ಹಾಗಾಗುತ್ತದೆ.

ಒಂದು ಸಂಜೆಯ ಆಟಕ್ಕೆ ಹತ್ತಿರವಾದ ಸಾಕ್ಷ್ಯವೂ ಇದೆ. ಜರ್ಮನಿಯ ಸಂಶೋಧಕರು 300 ಜನರನ್ನು ಕೂರಿಸಿ ತಲಾ 60 ಡೀಲ್ ಆಡಿಸಿದರು. ಅರ್ಧದಷ್ಟು ಮಂದಿ ನುರಿತವರು, ಉಳಿದವರು ಸಾಧಾರಣ ಆಟಗಾರರು. ಯಾರಿಗೆ ಒಳ್ಳೆಯ ಎಲೆ, ಯಾರಿಗೆ ಕೆಟ್ಟ ಎಲೆ ಎಂಬುದನ್ನು ಮೊದಲೇ ಹೊಂದಿಸಿಟ್ಟಿದ್ದರು. ಕೊನೆಗೆ ಕೈಯಲ್ಲಿ ಉಳಿದ ಹಣವನ್ನು ನಿರ್ಧರಿಸಿದ್ದು ಎಲೆಗಳೇ. ನುರಿತವರು ಕೆಟ್ಟ ಎಲೆ ಬಂದಾಗ ಸಾಧಾರಣ ಆಟಗಾರರಿಗಿಂತ ಕಡಿಮೆ ಕಳೆದುಕೊಂಡರು, ಅಷ್ಟೇ. 60 ಡೀಲ್ ಎಂದರೆ ಸ್ಥಳೀಯ ಟೂರ್ನಿಯಲ್ಲಿ ಎರಡು ಗಂಟೆಗೂ ಮೀರಿದ ಆಟ. ನೆದರ್ಲೆಂಡ್ಸ್‌ನ ಸಂಶೋಧಕರು ಆನ್‌ಲೈನ್ ಆಟದ ದೊಡ್ಡ ದತ್ತಾಂಶ ಜಾಲಾಡಿ 2015ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಅದೃಷ್ಟವನ್ನು ಕೌಶಲ ಮೀರಿಸಲು ಸುಮಾರು 1,500 ಡೀಲ್ ಬೇಕು. ಅದು ಟೂರ್ನಿಯಲ್ಲ, ನೇರ ಹಣದ ಆಟದ ಲೆಕ್ಕ. ಬ್ಲೈಂಡ್ ಏರುವ ಟೂರ್ನಿಗೆ ಅದಕ್ಕಿಂತ ಹೆಚ್ಚೇ ಬೇಕಾದೀತು ಎಂಬುದು ನನ್ನ ಊಹೆ. 1,500 ಎಂದೇ ಹಿಡಿದರೂ ವಾರಕ್ಕೊಂದು ಸಂಜೆ ಆಡುವವನಿಗೆ ಸುಮಾರು ಐದು ತಿಂಗಳು ಬೇಕು.

ಐದು ತಿಂಗಳೆಂದರೆ ಇಪ್ಪತ್ತು ಟೂರ್ನಿ. ನಲವತ್ತು ಮಂದಿಯಲ್ಲಿ ಸಾಧಾರಣ ಆಟಗಾರ ಒಂದು ಟೂರ್ನಿ ಗೆಲ್ಲುವ ಸಾಧ್ಯತೆ ಶೇ 2.5. ಅವನ ಎರಡರಷ್ಟು ಜಾಣನೊಬ್ಬನಿದ್ದಾನೆ, ಅವನದು ಶೇ 5 ಎನ್ನಿ. ಹವ್ಯಾಸಿಗಳ ನಡುವೆ ಅದು ದೊಡ್ಡ ಮೇಲುಗೈ. ಇಪ್ಪತ್ತು ಟೂರ್ನಿ ಆಡಿಯೂ ಈ ಜಾಣ ಒಂದನ್ನೂ ಗೆಲ್ಲದಿರುವ ಸಾಧ್ಯತೆ ಶೇ 36. ಸಾಧಾರಣ ಆಟಗಾರ ಒಂದಾದರೂ ಗೆದ್ದಿರುವ ಸಾಧ್ಯತೆ ಶೇ 40. ಅಂದರೆ ಐದು ತಿಂಗಳಾದ ಮೇಲೂ ಟ್ರೋಫಿ ಯಾರ ಮನೆಯ ಕಪಾಟಿನಲ್ಲಿದೆ ಎಂದು ನೋಡಿ ಯಾರು ಜಾಣರೆಂದು ಹೇಳಲಾಗದು. ನನಗೆ ಕಳವಳ ಇರುವುದು ಇಲ್ಲೇ. ಮೊದಲ ಎರಡು ವಾರದಲ್ಲೇ ಗೆದ್ದ ಹುಡುಗ ತನಗೆ ಆಟ ಒಲಿದಿದೆ ಎಂದುಕೊಂಡು ದೊಡ್ಡ ಶುಲ್ಕದ ಮೇಜಿಗೆ ಹೋಗುತ್ತಾನೆ. ಸೋತವನಿಗೆ ಎಲೆ ಕೈಕೊಟ್ಟಿತೆಂದು ತೋರಿ, ಅದು ತಿರುಗುವವರೆಗೂ ಆಡಬೇಕೆನಿಸುತ್ತದೆ. ಇಬ್ಬರೂ ತಮ್ಮ ಬಗ್ಗೆ ಏನೂ ಹೇಳದ ಫಲಿತಾಂಶದಿಂದ ತಮ್ಮ ಬಗ್ಗೆ ತೀರ್ಮಾನಕ್ಕೆ ಬಂದಿರುತ್ತಾರೆ. ನಾಲ್ಕು ಮುಖಗಳ ವಿಚಾರಕ್ಕೆ ಬಂದರೆ, ಪ್ರತಿ ವಾರ ಬರುವವರೇ ಕೊನೆಯ ಮೇಜಿನಲ್ಲಿ ಹೆಚ್ಚು ಕಾಣಿಸುತ್ತಾರೆ. ಆಗೊಮ್ಮೆ ಈಗೊಮ್ಮೆ ಬಂದು ಹೋದವರ ಮುಖ ನೆನಪಿನಲ್ಲಿ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆಲ್-ಇನ್ ಅಥವಾ ಫೋಲ್ಡ್ ಎಂಬ ಎರಡೇ ದಾರಿ ಉಳಿದಾಗಲೂ ಯಾವಾಗ ಯಾವುದು ಎಂದು ತಿಳಿಯುವುದು ವಿದ್ಯೆಯೇ ಅಲ್ಲವೇ ಎಂಬುದು ಅದು. ಹೌದು, ಹವ್ಯಾಸಿಗಳು ಎಡವುವುದೂ ಅಲ್ಲೇ. ಸಮನಾದ ಚಿಪ್ಸ್ ಇರುವ ಮೂವರು ಉಳಿದಿದ್ದಾರೆ, ಬಹುಮಾನ 5,000, 3,000, 2,000 ಎಂದಿಟ್ಟುಕೊಳ್ಳಿ. ಈ ಗಳಿಗೆಯಲ್ಲಿ ಒಬ್ಬೊಬ್ಬರ ಸ್ಥಾನದ ಬೆಲೆ ಸುಮಾರು 3,333. ಎದುರಿನವನು ಆಲ್-ಇನ್ ಮಾಡಿದ. ನೀವು ಒಪ್ಪಿ ಗೆದ್ದರೆ ನಿಮ್ಮ ಚಿಪ್ಸ್ ಎರಡರಷ್ಟಾಗುತ್ತವೆ. ಆದರೆ ಸ್ಥಾನದ ಬೆಲೆ ಎರಡರಷ್ಟಾಗುವುದಿಲ್ಲ, 4,333ಕ್ಕೆ ಏರುತ್ತದಷ್ಟೇ. ಸೋತರೆ 2,000ಕ್ಕೆ ಇಳಿಯುತ್ತದೆ. ಸಾವಿರ ಗಳಿಸಲು 1,333 ಒಡ್ಡಿದಂತಾಯಿತು, ಹಾಗಾಗಿ ಗೆಲ್ಲುವ ಸಾಧ್ಯತೆ ಶೇ 57 ದಾಟದೆ ಒಪ್ಪಬಾರದು. ಎಕ್ಕ-ರಾಜ ಕಂಡರೆ ಹವ್ಯಾಸಿ ಕುಣಿದು ಒಪ್ಪುತ್ತಾನೆ. ಎದುರಿನವನ ಕೈಲಿ ರಾಣಿಯ ಜೋಡಿ ಇದ್ದರೆ ಎಕ್ಕ-ರಾಜ ಗೆಲ್ಲುವುದು ಶೇ 43ರಷ್ಟು. ಸಣ್ಣ ಜೋಡಿಯಿದ್ದರೂ ಅರ್ಧ ದಾಟುವುದಿಲ್ಲ. ಚಿಪ್ಸ್ ಬೇರೆ, ಹಣ ಬೇರೆ ಎಂಬ ಈ ಲೆಕ್ಕ ಕಲಿತವನು ಕಲಿಯದವನಿಗಿಂತ ಖಂಡಿತ ಮುಂದೆ. ಆದರೆ ಎಷ್ಟು ಮುಂದೆ? ಸರಿಯಾದ ತೀರ್ಮಾನ ತೆಗೆದುಕೊಂಡೂ ನೂರಕ್ಕೆ ನಲವತ್ತು ಸಲ ಸೋಲುವ ಜಾಗ ಅದು. ಇಂಥ ವಿದ್ಯೆ ಫಲ ಕೊಡುವುದು ನೂರಾರು ಟೂರ್ನಿಗಳ ಮೇಲೆ. ಅಷ್ಟು ಆಡುವವನನ್ನು ಹವ್ಯಾಸಿ ಎನ್ನಲಾಗದು.

ಹಾಗಾದರೆ ಹಂತಗಳನ್ನು ನಿಧಾನ ಮಾಡಿ ಎನ್ನಬಹುದು. ಮಾಡಲಾಗುವುದಿಲ್ಲ. ಜನ ಕೆಲಸ ಮುಗಿಸಿ ಬಂದು ಕೂರುವುದು ಏಳೂವರೆಗೆ, ಹನ್ನೊಂದಕ್ಕೆ ಬಾಗಿಲು ಹಾಕಬೇಕು, ಬೆಳಿಗ್ಗೆ ಆಫೀಸಿದೆ. ನಲವತ್ತು ಮಂದಿಯ ಆಟವನ್ನು ಮೂರೂವರೆ ಗಂಟೆಯಲ್ಲಿ ಮುಗಿಸಲು ಬ್ಲೈಂಡ್ ಓಡಲೇಬೇಕು. ಸಂಘಟಕರ ತಪ್ಪೇನೂ ಇದರಲ್ಲಿ ಇಲ್ಲ, ಸಂಜೆ ಇರುವುದೇ ಅಷ್ಟು.

ಇಷ್ಟು ಲೆಕ್ಕ ಏಕೆ ಎಂದರೆ, ನಮ್ಮ ದೇಶದಲ್ಲಿ ಇಡೀ ಕಾನೂನಿನ ವಾದ ನಿಂತಿರುವುದೇ ಕೌಶಲದ ಮೇಲೆ. 1967ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದಿತು. ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಕಲಂ ಕೌಶಲದ ಆಟಗಳಿಗೆ ವಿನಾಯಿತಿ ಕೊಡುತ್ತದೆ. 2013ರಲ್ಲಿ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಆಡುವುದಾದರೆ ಪೋಕರಿಗೆ ಪರವಾನಗಿ ಬೇಕಿಲ್ಲವೆಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದೇ ಪೋಕರನ್ನು ಜೂಜೆಂದಿತು. ಎರಡೂ ಕಡೆ ಎಲೆಗಳು 52ರಷ್ಟೇ. 2021ರಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಆನ್‌ಲೈನ್ ಹಣದ ಆಟಗಳ ಮಟ್ಟಿಗೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಕೈಬಿಟ್ಟಿತು. ಮೇಜಿನ ಸುತ್ತ ಕೂತು ಆಡುವ ಆಟಕ್ಕೆ ಮಾತ್ರ ಹಳೆಯ ಪ್ರಶ್ನೆ ಹಾಗೇ ಉಳಿದಿದೆ. ಕೌಶಲವೆಂದು ಮುದ್ರೆ ಬಿದ್ದರೆ ಪಣ ಎಷ್ಟಿದ್ದರೂ ಆದೀತು, ಜೂಜೆಂದು ಮುದ್ರೆ ಬಿದ್ದರೆ ನೂರು ರೂಪಾಯಿಯ ಆಟವೂ ಅಪರಾಧ ಎಂಬ ಸ್ಥಿತಿ ನನಗೆ ಸರಿ ಕಾಣುವುದಿಲ್ಲ. ಹದಿನೈದು ನಿಮಿಷದ ಹಂತವನ್ನೂ ಎರಡು ಗಂಟೆಯ ಹಂತವನ್ನೂ ಒಂದೇ ಆಟವೆಂದು ಎಣಿಸುವ ಮುದ್ರೆಯಿಂದ ಯಾರನ್ನೂ ಕಾಪಾಡಲಾಗದು.

ಇಂಗ್ಲೆಂಡ್ ಬೇರೆ ದಾರಿ ಹಿಡಿಯಿತು. ಲಂಡನ್ನಿನ ಗಟ್‌ಶಾಟ್ ಎಂಬ ಪೋಕರ್ ಕ್ಲಬ್ಬಿನ ಮೇಲೆ ಮೊಕದ್ದಮೆ ನಡೆದಾಗ, ಪೋಕರ್ ಕೌಶಲದ ಆಟವೆಂಬ ವಾದವನ್ನು ಕ್ಲಬ್ಬಿನವರು ಜ್ಯೂರಿಯ ಮುಂದಿಟ್ಟರು. 2007ರ ಜನವರಿಯಲ್ಲಿ ಜ್ಯೂರಿ ಅದನ್ನು ಒಪ್ಪಲಿಲ್ಲ. ಅದೇ ವರ್ಷ ಜಾರಿಗೆ ಬಂದ 2005ರ ಗ್ಯಾಂಬ್ಲಿಂಗ್ ಕಾಯ್ದೆ ಅದೃಷ್ಟವೂ ಕೌಶಲವೂ ಬೆರೆತ ಆಟವನ್ನು ಅದೃಷ್ಟದ ಆಟದ ಗುಂಪಿಗೇ ಸೇರಿಸಿ, ಪಾಲೆಷ್ಟು ಎಂಬ ಜಗಳಕ್ಕೆ ಅವಕಾಶವನ್ನೇ ಕೊಡಲಿಲ್ಲ. ಬದಲಿಗೆ ಪಬ್ಬುಗಳಲ್ಲಿ ಆಡುವ ಪೋಕರಿಗೆ ಸಂಖ್ಯೆಯಲ್ಲಿ ಮಿತಿ ಹಾಕಿತು. ಒಂದು ಆಟಕ್ಕೆ ಒಬ್ಬರು ಹೂಡಬಹುದಾದದ್ದು 5 ಪೌಂಡ್. ಸೋತು ಮತ್ತೆ ಚಿಪ್ಸ್ ಕೊಂಡರೆ ಅದೂ ಈ ಐದರೊಳಗೇ. ಇಡೀ ಪಬ್ಬಿಗೆ ದಿನಕ್ಕೆ 100 ಪೌಂಡ್. ಆಡಿಸುವುದಕ್ಕೆ ಪಬ್ಬು ಶುಲ್ಕ ತೆಗೆದುಕೊಳ್ಳುವಂತಿಲ್ಲ, ಪಣದಿಂದಾಗಲಿ ಬಹುಮಾನದಿಂದಾಗಲಿ ಒಂದು ಪೆನ್ನಿ ಮುರಿದುಕೊಳ್ಳುವಂತಿಲ್ಲ. ಹದಿನೆಂಟು ತುಂಬದವರು ಕೂರುವಂತಿಲ್ಲ. ಸದಸ್ಯರ ಕ್ಲಬ್ಬುಗಳಿಗೆ ಮಿತಿ ಸ್ವಲ್ಪ ಸಡಿಲ: ಒಬ್ಬರಿಗೆ 10 ಪೌಂಡ್, ದಿನಕ್ಕೆ 250, ವಾರಕ್ಕೆ 1,000. ಇಷ್ಟರೊಳಗೆ ಇಪ್ಪತ್ತು ಜನ ಐದೈದು ಪೌಂಡ್ ಹಾಕಿ ಸಂಜೆಯಿಡೀ ಆಡಬಹುದು, ಪೊಲೀಸರ ಭಯವಿಲ್ಲ, ಮನೆಯಲ್ಲಿ ಜಗಳವಿಲ್ಲ. ಹಣವೇ ಇಲ್ಲದೆ ಅಂಕಗಳಿಗಾಗಿ ಆಡುವ ಪಬ್ ಲೀಗುಗಳೂ ಅಲ್ಲಿ ನಡೆಯುತ್ತವೆ. ವಾರವಾರದ ಅಂಕ ಕೂಡಿಸಿ ತಿಂಗಳುಗಟ್ಟಲೆ ನಡೆಯುವ ಲೀಗಿನಲ್ಲಿ ಡೀಲುಗಳ ಸಂಖ್ಯೆ ಬೆಳೆಯುವುದರಿಂದ, ಯಾರು ಚೆನ್ನಾಗಿ ಆಡುತ್ತಾರೆ ಎನ್ನುವುದಕ್ಕೆ ಒಂದು ರಾತ್ರಿಯ ಬಹುಮಾನಕ್ಕಿಂತ ಅಲ್ಲಿನ ಅಂಕಪಟ್ಟಿಯೇ ಹೆಚ್ಚು ನಂಬಿಕಸ್ಥ ಸಾಕ್ಷಿ.

ಐದು ಪೌಂಡಿನ ಆಟ ಆಟವೇ ಅಲ್ಲ, ಸೋಲಿನಿಂದ ನೋವಾಗದಿದ್ದರೆ ಬ್ಲಫ್‌ಗೆ ಅರ್ಥವೇ ಇಲ್ಲ ಎನ್ನುವವರಿದ್ದಾರೆ. ಟೂರ್ನಿಯ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ನೋಯಿಸುವುದು ಹಣವಲ್ಲ, ಮೇಜಿನಿಂದ ಏಳಬೇಕಾಗಿ ಬರುವುದು. ಎಂಟು ಗಂಟೆಗೇ ಚಿಪ್ಸ್ ಕಳೆದುಕೊಂಡವನು ಉಳಿದ ಮೂರು ಗಂಟೆ ಬೇರೆಯವರ ಆಟ ನೋಡುತ್ತ ನಿಲ್ಲಬೇಕು. ಎದುರುಬದಿಯ ಆಕ್ಷೇಪ ನಮ್ಮ ಮನೆಗಳದ್ದು: ಸಣ್ಣದರಿಂದಲೇ ಚಟ ಶುರುವಾಗುತ್ತದೆ, ಇಸ್ಪೀಟು ಹಿಡಿದ ಕೈ ಹೊಲ ಮಾರಿದ್ದನ್ನು ಊರೂರಿನಲ್ಲಿ ಕಂಡಿದ್ದೇವೆ. ಈ ಭಯ ಸುಳ್ಳಲ್ಲ, ಅದನ್ನು ಹಳೆಯ ಕಾಲದ್ದೆಂದು ಬದಿಗಿಡುವವರ ಜೊತೆ ನಾನಿಲ್ಲ. ಆದರೆ ಹೊಲ ಮಾರಿಸಿದ ಅಂದರ್-ಬಾಹರ್ ಅಡ್ಡೆಯಲ್ಲಿ ಸೋಲಿಗೆ ತಳವಿರಲಿಲ್ಲ. ಸೋತಷ್ಟೂ ಮತ್ತೆ ಕಟ್ಟಬಹುದಿತ್ತು, ಅಡ್ಡೆ ನಡೆಸುವವನಿಗೆ ಪ್ರತಿ ಆಟದಲ್ಲೂ ಪಾಲಿತ್ತು. ಒಮ್ಮೆ ಮಾತ್ರ ಶುಲ್ಕ ಕಟ್ಟುವ ಟೂರ್ನಿಯಲ್ಲಿ ಎಷ್ಟು ಸೋಲಬಹುದೆಂಬುದು ಬಾಗಿಲಲ್ಲೇ ಗೊತ್ತಿರುತ್ತದೆ. ಈ ಒಂದು ಗುಣವೇ ಅದನ್ನು ಅಡ್ಡೆಯಿಂದ ಬೇರೆ ಮಾಡುವುದು. ಚಟದ ಹಾದಿಯಲ್ಲಿ ಈಗಾಗಲೇ ನಡೆದು ಬಂದವರಿಗೆ ಇಷ್ಟು ರಕ್ಷಣೆ ಸಾಲದು. ಅವರು ಐದು ರೂಪಾಯಿಯ ಮೇಜಿನಿಂದಲೂ ದೂರ ಇರಬೇಕು.

ಆ ಗುಣ ಕೆಡುವುದು ಎರಡು ಕಡೆ. ಒಂದು, ಮರುಪ್ರವೇಶ. ಸಾವಿರ ರೂಪಾಯಿಯ ಟೂರ್ನಿ ಎಂದು ಹೋದವನು ಮೊದಲ ಗಂಟೆಯಲ್ಲೇ ಹೊರಬಿದ್ದು ಮತ್ತೆ ಸಾವಿರ, ಮತ್ತೊಮ್ಮೆ ಸಾವಿರ ಕೊಟ್ಟರೆ ಅವನ ಸಂಜೆಯ ಬೆಲೆ ಮೂರು ಸಾವಿರ. ಅದೂ ಸೋತ ಉರಿಯಲ್ಲಿ, ಎರಡೇ ನಿಮಿಷದಲ್ಲಿ ತೆಗೆದುಕೊಂಡ ತೀರ್ಮಾನ. ಇನ್ನೊಂದು, ಸಂಘಟಕರ ಕಟ್. ಸಾವಿರದಲ್ಲಿ 150 ರೂಪಾಯಿ ಅವರಿಗೆ ಹೋಗುವುದಾದರೆ ನಲವತ್ತು ಮಂದಿಯ ಆಟದಲ್ಲಿ 40,000 ಸೇರಿ 34,000 ಮಾತ್ರ ಹಂಚಿಕೆಯಾಗುತ್ತದೆ. ಸಾಧಾರಣ ಆಟಗಾರನಿಗೆ ಸಾವಿರಕ್ಕೆ ಸರಾಸರಿ 850 ಮರಳುತ್ತದೆ. ಹೋದ ಹಣ ವಾಪಸು ಬರಬೇಕೆಂದರೂ ಮೇಜಿನ ಸರಾಸರಿಗಿಂತ ಶೇ 17ಕ್ಕಿಂತ ಹೆಚ್ಚು ಚೆನ್ನಾಗಿ ಆಡಬೇಕು. ಜಾಗ, ಮೇಜು, ಎಲೆ ಹಂಚುವವರ ಸಂಬಳಕ್ಕೆ ಖರ್ಚಿದೆ ನಿಜ. ಅದನ್ನು ಪ್ರತಿ ಮರುಪ್ರವೇಶದಲ್ಲೂ ಶೇಕಡಾವಾರು ಮುರಿಯುವ ಬದಲು ಬಾಡಿಗೆಯಂತೆ ತಲೆಗಿಷ್ಟು ಎಂದು ಒಮ್ಮೆ ವಸೂಲಿ ಮಾಡಿದರೆ, ಆಟಗಾರ ಹೆಚ್ಚು ಸಲ ಸೋಲುವುದರಿಂದ ಸಂಘಟಕನಿಗೆ ಲಾಭವಾಗುವುದು ನಿಲ್ಲುತ್ತದೆ. ಕರ್ನಾಟಕದಲ್ಲಿ ಮೇಜಿನ ಮೇಲಿನ ಪೋಕರಿಗೆ ನಿಯಮ ಬರೆಯುವ ದಿನ ಬಂದರೆ, ಅದರಲ್ಲಿ ಕೌಶಲದ ವ್ಯಾಖ್ಯಾನ ಇಲ್ಲದಿದ್ದರೂ ನನಗೆ ಬೇಸರವಿಲ್ಲ. ಒಬ್ಬರಿಗೆ ಒಂದು ದಿನಕ್ಕೆ ಇಷ್ಟೇ ರೂಪಾಯಿ, ಮರುಪ್ರವೇಶವೂ ಅದರೊಳಗೇ, ಬಹುಮಾನದ ಹಣದಲ್ಲಿ ಯಾರ ಕಟ್ಟೂ ಇಲ್ಲ, ಶುಲ್ಕ ಕಟ್ಟುವ ಮೊದಲೇ ಬ್ಲೈಂಡಿನ ಹಂತಗಳ ಪಟ್ಟಿ ಆಟಗಾರನ ಕೈಗೆ ಕೊಡಬೇಕು: ಇಷ್ಟನ್ನು ಬರೆದರೆ ಸಾಕು. ಅಲ್ಲಿಯವರೆಗೆ, ಟೂರ್ನಿಗೆ ಹೊರಟವರು ಆ ಪಟ್ಟಿಯನ್ನು ತಾವೇ ಕೇಳಿ ಪಡೆಯಬಹುದು. ಕೊಡಲು ಹಿಂದೆಮುಂದೆ ನೋಡುವ ಕಡೆ ಹಣ ಕಟ್ಟದೆ ಬರಬಹುದು.